ಕೈ ಬೇಕು, ಬೋರ್ಡು ಬೇಡ



ಸ್ವಲ್ಪ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಓದಿ. ಓದಿದ ಮೇಲೆ ಬೈಯೋದಿದ್ರೆ ಬೈರಿ, ಆದ್ರೆ ಎರಡು ಸಾಲು ಓದಿ ಲೈಕ್ ಒತ್ತಿ ಹೋಗಬೇಡಿ.

ಹೋದ ತಿಂಗಳು ಒಂದು ಭಾನುವಾರ ರಾತ್ರಿ ಒಂಬತ್ತೂವರೆಗೆ ಸಾರಕ್ಕಿಯ ನಮ್ಮ ಮನೆ ಮುಂದೆ ಒಂದು ಲಗೇಜ್ ಆಟೋ ನಿಂತಿತು. ಇಳಿದದ್ದು ನಮ್ಮಕ್ಕನ ಮಗಳು. ಅವಳ ಜೊತೆ ಇಳಿದದ್ದು ಒಂದು ವ್ಯಾಕ್ಸ್ ಹೀಟರ್, ಒಂದು ಸ್ಟೀಮರ್, ಟ್ರಾಲಿ, ಫೇಶಿಯಲ್ ಬೆಡ್, ಟವೆಲ್ ತುಂಬಿದ ಎರಡು ಚೀಲ, ಮತ್ತೆ ನ್ಯೂಸ್ ಪೇಪರಲ್ಲಿ ಸುತ್ತಿದ ಒಂದಡಿ ಅಗಲದ ಬೋರ್ಡು. ಬೋರ್ಡಲ್ಲಿ ಅವಳ ಹೆಸರು, ಕೆಳಗೆ 'ಬ್ಯೂಟಿಷಿಯನ್' ಅಂತ. ಮಾಡಿಸಿ ಹದಿನೈದು ದಿನ ಆಗಿತ್ತು. ಒಂದು ದಿನಾನೂ ಗೋಡೆಗೆ ಏರಿರಲಿಲ್ಲ.

"ಯಾಕೆ ಮಗ, ಏನಾಯ್ತು?" ಅಂದೆ.

"ರೂಮ್ ಖಾಲಿ ಮಾಡು ಅಂದ್ರು ಚಿಕ್ಕಮ್ಮ" ಅಂದಳು. ಅಳಲಿಲ್ಲ. ಸ್ಟೀಮರ್ ಒಡೆದಿದೆಯಾ ಅಂತ ಬಲ್ಬ್ ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡ್ತಾ ಇದ್ದಳು.

ಇದು ಒಂದು ಪಾರ್ಲರ್ ಜಗಳ ಅಂತ ಅನ್ಸಬಹುದು. ನಮ್ಮ ಸಂಘಟನೆಯ ಹಿರಿಯರೊಬ್ಬರಿಗೂ ಹಾಗೇ ಅನ್ಸಿತು. ಅವರಿಗೆ ಫೋನಲ್ಲಿ ಹೇಳಿದ್ದು ಸಾಲಲಿಲ್ಲ ಅಂತ ಈಗ ಎಲ್ಲರಿಗೂ ಬರೀತಾ ಇದೀನಿ.

ಮೊದಲು ನಡೆದದ್ದು ಹೇಳ್ತೀನಿ.

ಹುಡುಗಿ ಪಿಯುಸಿ ಮುಗಿಸಿ ಬ್ಯೂಟಿಷಿಯನ್ ಕೋರ್ಸ್ ಮಾಡಿದಳು. ಜಯನಗರ, ಜೆ.ಪಿ. ನಗರ ಅಂತ ನಾಲ್ಕು ವರ್ಷ ಅವರಿವರ ಪಾರ್ಲರಲ್ಲಿ ಹೆಲ್ಪರ್. ಕೂದಲು ಗುಡಿಸೋದು, ಟವೆಲ್ ಒಗೆಯೋದು, ಆಮೇಲೆ ಥ್ರೆಡಿಂಗ್, ಆಮೇಲೆ ವ್ಯಾಕ್ಸಿಂಗ್, ಆಮೇಲೆ ಫೇಶಿಯಲ್. ಐದನೇ ವರ್ಷ ಸಾರಕ್ಕಿಯಲ್ಲೇ ಒಂದು ಸಲೂನಿಗೆ ಬಂದಳು. ಹೆಸರು ಹೇಳಲ್ಲ. ತಿಂಗಳಿಗೆ 14,000 ಸಂಬಳ. ಎರಡು ವರ್ಷ ಹಾಗೇ ನಡೀತು. ಬರೋ ಹೆಂಗಸರು ಇವಳ ಹೆಸರು ಹಿಡಿದೇ ಕೇಳೋಕೆ ಶುರು ಮಾಡಿದ್ರು. "ಆ ಹುಡುಗಿ ಇದಾಳಾ? ಇಲ್ಲಾಂದ್ರೆ ನಾಳೆ ಬರ್ತೀನಿ" ಅನ್ನೋರು. ಯಾಕಂದ್ರೆ ಇವಳ ಕೈ ಹಗುರ. ದಾರ ಹಿಡಿದ್ರೆ ನೋವೇ ಆಗಲ್ಲ ಅಂತ.

ಓನರ್ ಮೇಡಂಗೆ ಕಟ್ಟಡದ ಬಾಡಿಗೆ ಕಟ್ಟೋದು ಕಷ್ಟ ಆಯ್ತು. ಅವರೇ ಒಂದು ದಿನ ಕರೆದು ಹೇಳಿದ್ರು: "ನಿಂಗೆ ಸಂಬಳ ಕೊಡೋ ಬದಲು ಹಿಂದಿನ ರೂಮ್ ನೀನೇ ಇಟ್ಕೋ. ತಿಂಗಳಿಗೆ 9,000 ಬಾಡಿಗೆ, ಕರೆಂಟಿಗೆ 1,000, ಅಡ್ವಾನ್ಸ್ 50,000. ನಿನ್ನ ಕಸ್ಟಮರ್, ನಿನ್ನ ದುಡ್ಡು." ಈಗ ಬೆಂಗಳೂರಲ್ಲಿ ಇದು ಸಾಮಾನ್ಯ ಆಗ್ತಾ ಇದೆ. ಕೆಲವರು ಕುರ್ಚಿ ಲೆಕ್ಕದಲ್ಲಿ ಕೊಡ್ತಾರೆ, ಕೆಲವರು ರೂಮ್ ಲೆಕ್ಕದಲ್ಲಿ, ಕೆಲವರು ಬಂದದ್ದರಲ್ಲಿ ಇಷ್ಟು ಪರ್ಸೆಂಟ್ ಅಂತ. ಪಿ.ಎಫ್. ಇಲ್ಲ, ಇ.ಎಸ್.ಐ. ಇಲ್ಲ, ರಜೆ ಇಲ್ಲ. ಆದ್ರೆ ಯಜಮಾನಿಕೆ ಇಲ್ಲ, ಸ್ವಂತ ಕಾಲು. ನಮ್ಮ ಹುಡುಗಿ ಕಿವಿಯ ಓಲೆ ಅಡ ಇಟ್ಟು, ಅಕ್ಕ ಚೀಟಿ ಎತ್ತಿ, 50,000 ಕೊಟ್ಟರು. ನಗದು. ರಸೀದಿ ಇಲ್ಲ.

ನಾನು ಆಫೀಸಲ್ಲಿ ಗುಮಾಸ್ತೆ. ಹಗಲೆಲ್ಲಾ ಕಾಗದದ ನಡುವೆ ಕೂತಿರೋಳು. ರಸೀದಿ ಇಲ್ಲದ ಮೂರು ರೂಪಾಯಿನೂ ಫೈಲಲ್ಲಿ ದಾಟಿಸಲ್ಲ. ನಮ್ಮ ಮನೆ ಮಗು 50,000 ರಸೀದಿ ಇಲ್ಲದೆ ಕೊಟ್ಟಾಗ ನಾನೂ ಸುಮ್ಮನಿದ್ದೆ. "ಕೇಳಿದ್ರೆ ಬೇಜಾರ್ ಮಾಡ್ಕೋತಾರೆ" ಅಂದಳು. ನಾನು "ಹೂಂ" ಅಂದೆ. ಅದು ನನ್ನ ಮೊದಲನೇ ತಪ್ಪು. ಎರಡನೇದು ಮುಂದೆ ಹೇಳ್ತೀನಿ.

ಒಂಬತ್ತು ತಿಂಗಳು ಚೆನ್ನಾಗಿ ನಡೀತು. ಎಲ್ಲಾ ಖರ್ಚು ಕಳೆದು 18,000, ಮದುವೆ ಸೀಸನ್ನಲ್ಲಿ 25,000 ಉಳೀತು. ಆದ್ರೆ 'ನಿನ್ನ ಕಸ್ಟಮರ್, ನಿನ್ನ ದುಡ್ಡು' ಅನ್ನೋದು ಬಾಯಿಮಾತು. ಬೆಳಿಗ್ಗೆ ಹತ್ತಕ್ಕೆ ಬರಲೇಬೇಕು. ರೇಟ್ ಮೇಡಂ ಹೇಳಿದ್ದೇ. ಮುಂದಿನ ಹಾಲಲ್ಲಿ ಜನ ಜಾಸ್ತಿ ಆದ್ರೆ ಇವಳೇ ಹೋಗಿ ಥ್ರೆಡಿಂಗ್ ಮಾಡಿಕೊಡಬೇಕು, ಆ ದುಡ್ಡು ಮೇಡಂ ಕೌಂಟರಿಗೆ. ಬಾಡಿಗೆ ಕಟ್ಟೋವಾಗ ಇವಳು ಬಾಡಿಗೆದಾರಳು, ಕೆಲಸ ಹೇಳೋವಾಗ ಆಳು.

ಹೊಸ ಮೆಷಿನ್ ತಗೋಬೇಕು ಅಂತ ಸರ್ಕಾರಿ ಸ್ವಯಂ ಉದ್ಯೋಗ ಸಾಲಕ್ಕೆ ಅರ್ಜಿ ಹಾಕಿದಳು. ವ್ಯಾಪಾರ ಮಾಡೋ ಜಾಗದ ಪುರಾವೆ ಬೇಕು ಅಂದ್ರು. ಅರ್ಜಿ ಹಿಡ್ಕೊಂಡು ಮೇಡಂ ಹತ್ರ ಹೋಗಿ, "ಒಂದು ಅಗ್ರಿಮೆಂಟ್ ಮಾಡಿಕೊಡಿ ಮೇಡಂ" ಅಂದಳು. ಅರ್ಜಿಯ ಮೇಲುಗಡೆನೇ ಇತ್ತು: ಪರಿಶಿಷ್ಟ ಜಾತಿ.

ಮೇಡಂ ಓದಿದ್ರು. "ನೋಡೋಣಮ್ಮ" ಅಂದ್ರು.

ಮಾರನೇ ದಿನ ಹನ್ನೊಂದು ಗಂಟೆಗೆ ಎಲ್ಲರಿಗೂ ಟೀ ಬಂತು. ಎಲ್ಲರಿಗೂ ಪಿಂಗಾಣಿ ಕಪ್ಪು. ಇವಳಿಗೆ ಪೇಪರ್ ಕಪ್ಪು. ಕಪ್ಪು ಕಡಿಮೆ ಬಿದ್ದಿರಬೇಕು ಅಂದ್ಕೊಂಡಳು. ಆಮೇಲಿನ ದಿನಾನೂ ಪೇಪರ್ ಕಪ್ಪು. ಅದರಾಚೆ ದಿನಾನೂ. ಬೋರ್ಡು ಹಾಕ್ತೀನಿ ಅಂದಾಗ, "ಬೋರ್ಡೆಲ್ಲಾ ಬೇಡಮ್ಮ, ನನ್ನ ಸಲೂನಿಗೆ ಒಂದು ಹೆಸರಿದೆ" ಅಂದ್ರು. ಹದಿನೈದು ದಿನಕ್ಕೆ, "ನಾನೇನೂ ಅಂದ್ಕೊಳ್ಳಲ್ಲ, ಆದ್ರೆ ಬರೋ ಜನ ಹಳೇ ಕಾಲದೋರು, ಮನೆಯಲ್ಲಿ ಪೂಜೆ ಪುನಸ್ಕಾರ ಇಟ್ಕೊಂಡಿರೋರು, ನಿಂಗೇ ಅರ್ಥ ಆಗತ್ತೆ. ರೂಮ್ ನಂಗೆ ಸ್ಟಾಕ್ ಇಡೋಕೆ ಬೇಕು. ಭಾನುವಾರ ಖಾಲಿ ಮಾಡ್ಬಿಡು." ಅಡ್ವಾನ್ಸಲ್ಲಿ 'ಪೇಂಟಿಂಗಿಗೆ' ಅಂತ 12,000 ಹಿಡಿದರು. ಉಳಿದದ್ದು 'ಮುಂದಿನ ತಿಂಗಳು'.

ಕಾಗದ ಕೇಳಿದ್ದಕ್ಕೆ ಜಾತಿ ಗೊತ್ತಾಯ್ತು. ಜಾತಿ ಗೊತ್ತಾದ ಮೇಲೆ ಕಾಗದ ಸಿಗಲಿಲ್ಲ.

ಇದರಲ್ಲಿ ಒಂದು ಸಲಾನಾದ್ರೂ ಜಾತಿಯ ಹೆಸರು ಬಂತಾ? ಬರಲಿಲ್ಲ. ಬೈಗುಳ ಬಂತಾ? ಬರಲಿಲ್ಲ. ಅಮ್ಮ, ಅಮ್ಮ ಅಂತಲೇ ಹೊರಗೆ ಹಾಕಿದ್ರು. ಇದು ಬೆಂಗಳೂರಿನ ಶೈಲಿ.

ಈಗ ನನ್ನ ಪ್ರಶ್ನೆ. ಒಟ್ಟು ಎರಡು ಮುಕ್ಕಾಲು ವರ್ಷ ಈ ಹುಡುಗಿಯ ಕೈ ಆ 'ಪೂಜೆ ಪುನಸ್ಕಾರದ' ಹೆಂಗಸರ ಮುಖದ ಮೇಲೆ ಓಡಾಡಿದೆ. ಹುಬ್ಬು ತಿದ್ದಿದೆ, ಕುತ್ತಿಗೆ ಉಜ್ಜಿದೆ, ಕಾಲಿನ ಹಿಮ್ಮಡಿ ಕೆರೆದಿದೆ. ಮದುವೆ ಹೆಣ್ಣಿಗೆ ಧಾರೆ ಸೀರೆ ಉಡಿಸಿದೆ. ಆಗ ಯಾರಿಗೂ ಮೈಲಿಗೆ ಆಗಲಿಲ್ಲ. ಯಾವ ದೇವರೂ ಕೋಪಿಸಿಕೊಳ್ಳಲಿಲ್ಲ. ಅದೇ ಕೈ ಒಂದು ಬೋರ್ಡು ಹಿಡಿದಾಗ, ಒಂದು ಕರಾರು ಪತ್ರ ಕೇಳಿದಾಗ ಮೈಲಿಗೆ ಆಯ್ತು. ಹಾಗಾದ್ರೆ ಅಸ್ಪೃಶ್ಯತೆ ಅನ್ನೋದು ಮುಟ್ಟೋದರ ವಿಷಯಾನೇ ಅಲ್ಲ. ನಮ್ಮ ಕೈ ಇವರಿಗೆ ಯಾವತ್ತೂ ಬೇಕಿತ್ತು. ಬಾಣಂತಿ ಹತ್ರ ಬೇಕಿತ್ತು, ಹೆಣದ ಹತ್ರ ಬೇಕಿತ್ತು, ಗದ್ದೆಯಲ್ಲಿ ಬೇಕಿತ್ತು. ಬೇಡವಾದದ್ದು ನಮ್ಮ ಹೆಸರು. ಕೈ ಬೇಕು, ಬೋರ್ಡು ಬೇಡ. ಸಂಬಳಕ್ಕೆ ಬೇಕು, ಸಮಕ್ಕೆ ಬೇಡ.

ಇದನ್ನ ಹಳ್ಳಿ ಜೊತೆ ಇಟ್ಟು ನೋಡಿ. ಕ್ಷೌರದ ಅಂಗಡಿ ಅಂದ ತಕ್ಷಣ ನಮ್ಮ ಚಳುವಳಿಗೆ ನೆನಪಾಗೋದು ಹಳ್ಳಿ. ಸರಿಯಾಗೇ ನೆನಪಾಗತ್ತೆ. 2020ರ ನವೆಂಬರಿನಲ್ಲಿ ನಂಜನಗೂಡು ತಾಲ್ಲೂಕಿನ ಹಲ್ಲರೆಯಲ್ಲಿ ದಲಿತರಿಗೆ ಕ್ಷೌರ ಮಾಡಿದ ತಪ್ಪಿಗೆ ಒಬ್ಬ ಕ್ಷೌರಿಕನಿಗೇ ಬಹಿಷ್ಕಾರ ಹಾಕಿ 50,000 ರೂಪಾಯಿ ದಂಡ ವಿಧಿಸಿದ್ರು. 2024ರ ಆಗಸ್ಟ್‌ನಲ್ಲಿ ಕೊಪ್ಪಳ ಜಿಲ್ಲೆ ಯಲಬುರ್ಗಾ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಕ್ಷೌರ ಮಾಡು ಅಂತ ಕೇಳಿದ ದಲಿತ ಯುವಕನನ್ನ ಕತ್ತರಿಯಿಂದ ಇರಿದು ಕೊಂದ್ರು. 2025ರಲ್ಲಿ ಕೊಪ್ಪಳದ ಹತ್ರದ ಮುದ್ದಾಬಳ್ಳಿಯಲ್ಲಿ ದಲಿತರಿಗೆ ಕ್ಷೌರ ಮಾಡೋದಕ್ಕಿಂತ ಅಂಗಡಿನೇ ಮುಚ್ಚೋದು ವಾಸಿ ಅಂತ ಮುಚ್ಚಿದ್ರು. ಅಲ್ಲಿ ನಮ್ಮನ್ನ ಕುರ್ಚಿ ಮೇಲೆ ಕೂರಿಸಲ್ಲ. ಇಲ್ಲಿ ಕೂರಿಸ್ತಾರೆ, ದುಡ್ಡು ಕೊಟ್ರೆ ಯಾರಿಗೆ ಬೇಕಾದ್ರೂ ಹೇರ್ ಕಟ್. ಆದ್ರೆ ಆ ಕುರ್ಚಿ ನಮ್ಮ ಹೆಸರಲ್ಲಿ ಇರೋಕೆ ಬಿಡಲ್ಲ. ಹಳ್ಳಿಯಲ್ಲಿ ಗಿರಾಕಿ ಆಗೋಕೆ ಬಿಡದ ಜಾತಿ, ಬೆಂಗಳೂರಲ್ಲಿ ಅಂಗಡಿಯವಳು ಆಗೋಕೆ ಬಿಡಲ್ಲ. ಎರಡೂ ಒಂದೇ ಅಂಗಡಿ. ಅಲ್ಲಿ ಮುಂಬಾಗಿಲು, ಇಲ್ಲಿ ಹಿಂದಿನ ರೂಮು.

ಒಂದು ಮಾತು ಸ್ಪಷ್ಟ ಮಾಡ್ತೀನಿ. ಇದು ಸವಿತಾ ಸಮಾಜದ ಬಂಧುಗಳ ಮೇಲಿನ ಪೋಸ್ಟ್ ಅಲ್ಲ. ಹಲ್ಲರೆಯಲ್ಲಿ ದಂಡ ಬಿದ್ದದ್ದು ಯಾರಿಗೆ ನೆನಪಿಟ್ಕೊಳ್ಳಿ. ಕ್ಷೌರಿಕನ ಮುಖ ಬೆಳಿಗ್ಗೆ ನೋಡಬಾರದು ಅಂದ ಊರೇ ದಲಿತನ ತಲೆ ಮುಟ್ಟಬೇಡ ಅಂತ ಅವನಿಗೆ ಅಪ್ಪಣೆ ಕೊಡ್ತು. ಅವನ ಕತ್ತರಿಯನ್ನ ನಮ್ಮ ಕಡೆ ತಿರುಗಿಸಿದೋರು ಬೇರೆ. ಬುದ್ಧನ ಸಂಘದಲ್ಲಿ ಉಪಾಲಿ ಅನ್ನೋ ಕ್ಷೌರಿಕನಿಗೆ ಶಾಕ್ಯ ರಾಜಕುಮಾರರಿಗಿಂತ ಮೊದಲು ದೀಕ್ಷೆ ಆಯ್ತು, ರಾಜಕುಮಾರರು ಅವನಿಗೆ ನಮಸ್ಕಾರ ಮಾಡಬೇಕಾಯ್ತು. ಬಾಬಾಸಾಹೇಬರು ಬುದ್ಧನ ಬಗ್ಗೆ ಬರೆದ ತಮ್ಮ ಗ್ರಂಥದಲ್ಲಿ ಆ ಉಪಾಲಿಗೂ ಜಾಗ ಕೊಟ್ಟಿದ್ದಾರೆ. ಕತ್ತರಿ ಹಿಡಿದ ಕೈ ನಮಗೆ ಯಾವತ್ತೂ ಕೀಳಲ್ಲ.

ತಮಾಷೆ ನೋಡಿ. ಈ ಕಸುಬು ಮರದ ಕೆಳಗಿದ್ದಾಗ ಕೀಳು ಜಾತಿಯ ಕೆಲಸ. ಅದಕ್ಕೆ ಗಾಜಿನ ಬಾಗಿಲು, ಎ.ಸಿ., ಇಂಗ್ಲಿಷ್ ಹೆಸರು ಬಂದ ಮೇಲೆ ಎಲ್ಲಾ ಜಾತಿಯವರೂ ಓನರ್. ಬಂಡವಾಳ ಹಾಕೋಕೆ ಮಡಿ ಇಲ್ಲ. ಒಳಗೆ ಕಾಲು ಹಿಡಿದು ಪೆಡಿಕ್ಯೂರ್ ಮಾಡೋರು ಯಾರು ಅಂತ ನೋಡಿ: ನಮ್ಮ ಹುಡುಗೀರು, ಹಿಂದುಳಿದವರ ಮಕ್ಕಳು, ಈಶಾನ್ಯ ರಾಜ್ಯಗಳಿಂದ ಮೂರು ದಿನ ರೈಲಲ್ಲಿ ಬಂದ ಮಕ್ಕಳು.

"ಇದಕ್ಕೆಲ್ಲಾ ಕಾನೂನು ಬರಲ್ಲ, ಅವರ ಜಾಗ, ಅವರಿಷ್ಟ" ಅಂತ ನಮ್ಮವರೇ ಕೆಲವರು ಹೇಳಿದ್ರು. ಅದಕ್ಕೆ ಉತ್ತರ ಕೊಡಬೇಕು.

ದಿನಾಂಕ ಬರ್ಕೊಳ್ಳಿ: 29 ನವೆಂಬರ್ 1948. ಅವತ್ತು ಸಂವಿಧಾನ ಸಭೆಯಲ್ಲಿ ಇವತ್ತಿನ 15ನೇ ವಿಧಿ ಚರ್ಚೆಗೆ ಬಂತು. ಅಂಗಡಿ, ಹೋಟೆಲು, ಬಾವಿ, ಕೆರೆಗಳಿಗೆ ಯಾರನ್ನೂ ಜಾತಿ ಕಾರಣಕ್ಕೆ ತಡೆಯಬಾರದು ಅನ್ನೋ ವಿಧಿ. 'ಅಂಗಡಿ' ಅಂದ್ರೆ ಏನೇನು ಸೇರತ್ತೆ ಅನ್ನೋ ಪ್ರಶ್ನೆ ಎದ್ದಾಗ ಬಾಬಾಸಾಹೇಬರು ಎದ್ದು ನಿಂತು ವಿವರಿಸಿದ್ರು. ಆ ಪದ ಬರೀ ಒಳಗೆ ಕಾಲಿಡೋಕೆ ಬಿಡೋ ಅರ್ಥದ್ದಲ್ಲ, ಸೇವೆ ಕೊಡ್ತೀನಿ ಅಂತ ಕೂತಿರೋ ಯಾರೇ ಆಗಲಿ ಅದರಲ್ಲಿ ಸೇರ್ತಾರೆ, ಷರತ್ತು ಒಪ್ಪಿದ ಮೇಲೆ ಸೇವೆ ಕೊಡಲೇಬೇಕು, ಅನ್ನೋದು ಅವರ ವಿವರಣೆಯ ತಿರುಳು. ಅಸ್ಪೃಶ್ಯತೆ ರದ್ದು ಮಾಡೋ 17ನೇ ವಿಧಿಯನ್ನ ಸಭೆ ಒಪ್ಪಿದ್ದೂ ಅದೇ ದಿನ. ಅಂಗಡಿಯ ಬಾಗಿಲು ಮತ್ತು ಅಸ್ಪೃಶ್ಯತೆ ಎರಡೂ ಒಂದೇ ದಿನದ ಕೆಲಸ ಆಗಿತ್ತು ಅವರಿಗೆ.

ಅದು ಗಿರಾಕಿಯ ಹಕ್ಕು. ಕಸುಬು ಮಾಡೋರ ಹಕ್ಕೂ ಇದೆ. 1955ರ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆಯ 4ನೇ ಕಲಂ ಓದಿ. ಅಸ್ಪೃಶ್ಯತೆಯ ಕಾರಣಕ್ಕೆ ಅಂಗಡಿ ಪ್ರವೇಶ ತಡೆಯೋದು ಹೇಗೆ ಅಪರಾಧವೋ, ಯಾವುದೇ ವೃತ್ತಿ, ಕಸುಬು, ವ್ಯಾಪಾರ ಮಾಡದ ಹಾಗೆ ತಡೆಯೋದೂ ಹಾಗೇ ಅಪರಾಧ. ಅದೇ ಕಾಯ್ದೆಯ 12ನೇ ಕಲಂ ನಮ್ಮ ಎಷ್ಟೋ ಕಾರ್ಯಕರ್ತರಿಗೇ ಗೊತ್ತಿಲ್ಲ: ಪರಿಶಿಷ್ಟ ಜಾತಿಯ ವ್ಯಕ್ತಿಯ ವಿಷಯದಲ್ಲಿ ಇಂಥ ಕೃತ್ಯ ನಡೆದಿದ್ರೆ ಅದು ಅಸ್ಪೃಶ್ಯತೆಯ ಕಾರಣಕ್ಕೇ ಆಯ್ತು ಅಂತ ಕೋರ್ಟು ಭಾವಿಸಬೇಕು, ಅಲ್ಲ ಅಂತ ಎದುರಿನವರು ಸಾಬೀತು ಮಾಡಬೇಕು. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಯಲ್ಲಿದೆ. ಅದರಲ್ಲೂ ವೃತ್ತಿ, ವ್ಯಾಪಾರಕ್ಕೆ ಅಡ್ಡಿ ಮಾಡೋದು, ಸಾಮಾಜಿಕ ಅಥವಾ ಆರ್ಥಿಕ ಬಹಿಷ್ಕಾರ ಹಾಕೋದು ಬಿಡಿಬಿಡಿಯಾಗಿ ಅಪರಾಧ ಅಂತ ಬರೆದಿದೆ.

ಹಾಗಂತ ನಾಳೆನೇ ಎಫ್.ಐ.ಆರ್. ಆಗಿ ಗೆದ್ದುಬಿಡ್ತೀವಿ ಅಂತ ನಿಮಗೆ ಸುಳ್ಳು ಹೇಳಲ್ಲ. ಪೇಪರ್ ಕಪ್ಪನ್ನ ಪೊಲೀಸ್ ಠಾಣೆಗೆ ತಗೊಂಡು ಹೋದ್ರೆ ನಗ್ತಾರೆ. ಜಾತಿ ಹಿಡಿದು ಬೈದರೂ ನಾಲ್ಕು ಗೋಡೆ ಒಳಗೆ, ಹೊರಗಿನವರು ಯಾರೂ ಇಲ್ಲದಾಗ ಬೈದಿದ್ರೆ ಅದು 'ಸಾರ್ವಜನಿಕರ ಕಣ್ಣೆದುರು' ಆಗಲ್ಲ ಅಂತ ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. ಸಲೂನಿನ ಹಿಂದಿನ ರೂಮಿಗೆ ಬಾಗಿಲಿರತ್ತೆ, ಪರದೆ ಇರತ್ತೆ. ಅಲ್ಲಿ ಆಡಿದ ಮಾತಿಗೆ ಸಾಕ್ಷಿ ಯಾರು? ಹೀಟರಾ? ನಮ್ಮ ಮೇಡಂಗೆ ಜಾತಿ ಹೆಸರು ಎತ್ತಬಾರದು ಅನ್ನೋ ಜ್ಞಾನ ಇತ್ತು. ನಮಗೆ ಒಂದು ಕಾಗದ ಇಟ್ಕೋಬೇಕು ಅನ್ನೋ ಜ್ಞಾನ ಇರಲಿಲ್ಲ.

ಅದಕ್ಕೇ ಕಾಗದದ ಬಗ್ಗೆ ಸ್ವಲ್ಪ ಹೇಳ್ತೀನಿ. ಗುಮಾಸ್ತೆ ಬುದ್ಧಿ, ಸಹಿಸ್ಕೊಳ್ಳಿ.

ಜಾಗ ಕೊಡೋದರಲ್ಲಿ ಕಾನೂನು ಎರಡು ಬಗೆ ನೋಡತ್ತೆ. ಒಂದು ಬಾಡಿಗೆ, ಅಂದ್ರೆ ಆ ಜಾಗದ ಮೇಲೆ ನಿಮಗೆ ಒಂದು ಹಕ್ಕು ಹುಟ್ಟತ್ತೆ. ಇನ್ನೊಂದು ಬರೀ ಅನುಮತಿ, ಇಂಗ್ಲಿಷಲ್ಲಿ ಲೈಸೆನ್ಸ್ ಅಂತಾರಲ್ಲ ಅದು, ಬಂದು ಕೆಲಸ ಮಾಡ್ಕೊಂಡು ಹೋಗು ಅನ್ನೋದು. ಇವೆರಡರ ವ್ಯತ್ಯಾಸ ಹೇಳೋಕೆ ಇವತ್ತಿಗೂ ಕೋರ್ಟುಗಳು ಎತ್ತಿಕೊಳ್ಳೋ ದೊಡ್ಡ ತೀರ್ಪು ಯಾವುದು ಗೊತ್ತಾ? ಒಬ್ಬ ಕೂದಲು ಕತ್ತರಿಸೋರದ್ದು! ದೆಹಲಿಯ ಇಂಪೀರಿಯಲ್ ಹೋಟೆಲಿನಲ್ಲಿ 1949ರಲ್ಲಿ ಹೇರ್ ಡ್ರೆಸ್ಸಿಂಗ್ ವ್ಯಾಪಾರಕ್ಕೆ ಜಾಗ ತಗೊಂಡಿದ್ರು, ವರ್ಷಕ್ಕೆ 9,600 ರೂಪಾಯಿಗೆ. ಪತ್ರದಲ್ಲಿ 'ಲೈಸೆನ್ಸ್' ಅಂತ ಬರೆದಿತ್ತು. 1959ರಲ್ಲಿ ಸುಪ್ರೀಂ ಕೋರ್ಟಿನ ಬಹುಮತ ಅದನ್ನ ಬಾಡಿಗೆ ಅಂತಲೇ ಗುರುತಿಸ್ತು. ಪತ್ರಕ್ಕೆ ಇಟ್ಟ ಹೆಸರಲ್ಲ, ಒಳಗಿನ ತಿರುಳು ನೋಡಬೇಕು ಅಂತ. ಬೀಗ ಯಾರ ಕೈಲಿದೆ, ಆ ಜಾಗ ಪೂರ್ತಿ ಯಾರ ವಶದಲ್ಲಿದೆ ಅನ್ನೋದನ್ನ ನೋಡ್ತಾರೆ.

ನಮಗೆ ಇದರಿಂದ ತಿಳಿಯೋದು ಇಷ್ಟು. ನಡು ಹಾಲಲ್ಲಿ ಒಂದು ಕುರ್ಚಿ ಮಾತ್ರ ಕೊಟ್ಟಿದ್ರೆ ಅದು ಬಹುತೇಕ ಅನುಮತಿ ಆಗತ್ತೆ. ಬೀಗ ಇರೋ ರೂಮು, ಕೀ ನಿಮ್ಮ ಕೈಲಿ, ತಿಂಗಳ ಬಾಡಿಗೆ ಅಂದ್ರೆ ಅದು ಬಾಡಿಗೆ ಕಡೆ ವಾಲತ್ತೆ. ತಿಂಗಳ ಬಾಡಿಗೆ ಆಗಿದ್ರೆ, ಬೇರೆ ಕರಾರು ಇಲ್ಲದಿದ್ದಾಗ, 15 ದಿನದ ನೋಟಿಸ್ ಕೊಡಬೇಕು ಅಂತ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂ ಹೇಳತ್ತೆ. ಬರೀ ಅನುಮತಿ ಆಗಿದ್ರೂ ಸಾಮಾನು ತೆಗೆಯೋಕೆ ನ್ಯಾಯವಾದ ಸಮಯ ಕೊಡಬೇಕು, ದುಡ್ಡು ತಗೊಂಡು ಅವಧಿಗೆ ಮುಂಚೆ ತಪ್ಪಿಲ್ಲದೆ ಹೊರಗೆ ಹಾಕಿದ್ರೆ ಪರಿಹಾರ ಕೇಳಬಹುದು ಅಂತ 1882ರ ಈಸ್‌ಮೆಂಟ್ಸ್ ಕಾಯ್ದೆಯಲ್ಲಿದೆ. 'ಭಾನುವಾರ ಖಾಲಿ ಮಾಡ್ಬಿಡು' ಅನ್ನೋದು ಯಾವ ಕಾಯ್ದೆಯಲ್ಲೂ ಇಲ್ಲ. ಅದು ಜಾತಿಯ ಕಾಯ್ದೆಯಲ್ಲಿ ಮಾತ್ರ ಇದೆ.

ಹತ್ತಕ್ಕೆ ಬಾ, ನಾನು ಹೇಳಿದ ರೇಟ್ ಹಾಕು, ಹಾಲಿನ ಕೆಲಸ ಮಾಡು ಅಂದ್ರೆ ಅವಳು ಕೆಲಸದವಳು, ಸಂಬಳ ಕೊಡಿ. ಬಾಡಿಗೆ ತಗೊಂಡ್ರೆ ಅವಳು ಬಾಡಿಗೆದಾರಳು, ಬೋರ್ಡು ಹಾಕೋಕೆ ಬಿಡಿ. ಬಾಡಿಗೆನೂ ಬೇಕು, ಬಿಟ್ಟಿ ಚಾಕರಿನೂ ಬೇಕು ಅನ್ನೋದು ಆಗಲ್ಲ. ಹಿಂದೆ ಇದನ್ನ ಜೀತ ಅಂತಿದ್ವಿ. ಈಗ ಬಿಸಿನೆಸ್ ಮಾಡೆಲ್ ಅಂತಾರೆ.

ಈಗ ನಮ್ಮ ಹಿರಿಯರ ಫೋನಿಗೆ ಬರ್ತೀನಿ. ಅವರು ಹೇಳಿದ್ದು ಮೂರು ಮಾತು.

ಒಂದು: "ಇದು ಸಣ್ಣ ವಿಷಯ ತಂಗಿ. ನಮಗೆ ಭೂಮಿ ಪ್ರಶ್ನೆ ಇದೆ, ಮೀಸಲಾತಿ ಪ್ರಶ್ನೆ ಇದೆ."

ಅಣ್ಣಾ, ನಿಮ್ಮ ಮೇಲೆ ಗೌರವ ಇಟ್ಟೇ ಹೇಳ್ತೀನಿ. 70ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಭೂಮಿ ಕೇಳಿದ್ದು ಯಾಕೆ? ನಿಂತ್ಕೊಳ್ಳೋಕೆ ಒಂದು ಜಾಗ ಇಲ್ಲದ ಮನುಷ್ಯನಿಗೆ ಮರ್ಯಾದೆ ಇಲ್ಲ ಅಂತ. ನಮಗೆ ಮಂಜೂರಾದ ಜಮೀನು ಹೆಬ್ಬೆಟ್ಟಿನ ಗುರುತಲ್ಲಿ ಕೈ ತಪ್ಪಿ ಹೋಗ್ತಾ ಇದ್ದದ್ದಕ್ಕೇ 1978ರಲ್ಲಿ ಪಿ.ಟಿ.ಸಿ.ಎಲ್. ಕಾಯ್ದೆ ಬಂತು. ಅವತ್ತಿನ ಎರಡೆಕರೆ ಇವತ್ತು ಸಾರಕ್ಕಿಯಲ್ಲಿ ಏನಾಗಿದೆ? ಆರಡಿ ಅಗಲ ಎಂಟಡಿ ಉದ್ದದ ಒಂದು ರೂಮ್ ಆಗಿದೆ. ನಗರದಲ್ಲಿ ನಮ್ಮ ಹೆಣ್ಣುಮಕ್ಕಳ ಭೂಮಿ ಪ್ರಶ್ನೆ ಅಂದ್ರೆ ಅದೇ. ಅದಕ್ಕೂ ಪಹಣಿ ಬೇಕು. 2015ರ ಏಪ್ರಿಲ್‌ನಲ್ಲಿ ಸಾರಕ್ಕಿ ಕೆರೆ ಒತ್ತುವರಿ ತೆರವಿಗೆ ಜೆ.ಸಿ.ಬಿ. ಬಂದಾಗ ನೋಡಿದ್ವಲ್ಲ, ಕಾಗದ ಹಿಡ್ಕೊಂಡೋರ ಮನೆಗಳೂ ಹೋದವು. ಕಾಗದ ಎಲ್ಲವನ್ನೂ ಉಳಿಸಲ್ಲ, ಗೊತ್ತು. ಆದ್ರೆ ಕಾಗದ ಇದ್ದೋರಿಗೆ ನಾಳೆ ತಟ್ಟೋಕೆ ಒಂದು ಬಾಗಿಲಿರತ್ತೆ. ಇಲ್ಲದೋರಿಗೆ ಲಗೇಜ್ ಆಟೋ ಮಾತ್ರ.

ಎರಡು: "ಅವಳು ಸ್ವಂತವಾಗಿ ದೊಡ್ಡ ಅಂಗಡಿ ಇಡಲಿ. ನಮ್ಮವರು ಉದ್ಯಮಿಗಳಾಗಬೇಕು."

ಆಗಬೇಕು, ಯಾರು ಬೇಡ ಅಂದ್ರು? ಆದ್ರೆ ರಸ್ತೆ ಕಡೆ ಮುಖ ಇರೋ ಅಂಗಡಿಗೆ ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೇಳೋ ಊರು ಇದು. ಕೊಡೋಕೆ ದುಡ್ಡಿದ್ರೂ, ಕಟ್ಟಡದ ಯಜಮಾನ ಮೊದಲು ಕೇಳೋದು "ನೀವು ಯಾವ ಜನ?", ಇಲ್ಲಾಂದ್ರೆ "ವೆಜ್ಜಾ, ನಾನ್ ವೆಜ್ಜಾ?" ಥ್ರೆಡಿಂಗಿಗೂ ಬಾಡೂಟಕ್ಕೂ ಏನು ಸಂಬಂಧವೋ ಆ ದೇವರೇ ಬಲ್ಲ. ಕುರ್ಚಿ ಬಾಡಿಗೆ, ರೂಮ್ ಬಾಡಿಗೆ ಅನ್ನೋದು ಬಂಡವಾಳ ಇಲ್ಲದ ಹುಡುಗಿಗೆ ಇರೋ ಮೊದಲನೇ ಮೆಟ್ಟಿಲು. ಆ ಮೆಟ್ಟಿಲನ್ನೇ ಕಿತ್ತು, ಮಹಡಿ ಹತ್ತು ಅಂತ ಭಾಷಣ ಮಾಡಬೇಡಿ. ನಾನು ಕುರ್ಚಿ ಬಾಡಿಗೆಗೆ ವಿರೋಧಿ ಅಲ್ಲ. ಬಾಯಿಮಾತಿನ ಕುರ್ಚಿ ಬಾಡಿಗೆಗೆ ವಿರೋಧಿ.

ಮೂರು: "ಜಾತಿ ಯಾಕೆ ತೋರಿಸ್ಕೋಬೇಕಿತ್ತು?"

ಇಲ್ಲಿ ಮಾತ್ರ ಹಿರಿಯರನ್ನ ಬೈಯೋ ಯೋಗ್ಯತೆ ನನಗಿಲ್ಲ. ಯಾಕಂದ್ರೆ ಅದೇ ನನ್ನ ಎರಡನೇ ತಪ್ಪು. ಅವಳು ಮೊದಲ ಸಲ ಜಯನಗರದ ಪಾರ್ಲರಿಗೆ ಕೆಲಸಕ್ಕೆ ಹೋದ ದಿನ ನಾನೇ ಹೇಳಿ ಕಳಿಸಿದ್ದೆ: "ಯಾರಾದ್ರೂ ಜನ ಕೇಳಿದ್ರೆ ಏನೋ ಒಂದು ಹೇಳಿ ಜಾರ್ಕೋ." ಏಪ್ರಿಲ್ 14ಕ್ಕೆ ಅವಳು ಬಾಬಾಸಾಹೇಬರ ಫೋಟೋ ಸ್ಟೇಟಸ್ ಹಾಕಿದಾಗ, "ಕಸ್ಟಮರ್ಸ್ ನಂಬರ್ ಇರೋ ಫೋನಲ್ಲಿ ಬೇಡ, ತೆಗಿ" ಅಂದಿದ್ದೂ ನಾನೇ. ಅದೇ ದಿನ ನಾನು ಮೆರವಣಿಗೆಯಲ್ಲಿ ನೀಲಿ ಶಾಲು ಹೊದ್ದು ಘೋಷಣೆ ಕೂಗ್ತಾ ಇದ್ದೆ. ನನಗೆ ತಿಂಗಳಿಗೆ ಸಂಬಳ ಬರತ್ತೆ, ಕೆಲಸಕ್ಕೆ ಆರ್ಡರ್ ಕಾಪಿ ಇದೆ, ಸರ್ವಿಸ್ ರಿಜಿಸ್ಟರ್ ಇದೆ. ನನ್ನ ಧೈರ್ಯದ ಹಿಂದೆ ಕಾಗದ ಇತ್ತು. ಅವಳಿಗೆ ಕಾಗದ ಇರಲಿಲ್ಲ, ಅದಕ್ಕೆ ಅವಳಿಗೆ ಅಡಗಿಸು ಅಂತ ಹೇಳಿಕೊಟ್ಟೆ.

ಆ ರಾತ್ರಿ ಅವಳು ಒಂದೇ ಒಂದು ಮಾತು ಕೇಳಿದಳು. "ಚಿಕ್ಕಮ್ಮ, ಆ ಅರ್ಜಿಯಲ್ಲಿ ಜಾತಿ ಬರೆದದ್ದು ತಪ್ಪಾ?"

ನನ್ನ ಹತ್ರ ಉತ್ತರ ಇರಲಿಲ್ಲ. ಈ ಪೋಸ್ಟ್ ಆ ಉತ್ತರ. ತಪ್ಪಲ್ಲ ಮಗ. ಬರೆದ ನೀನು ಸರಿ. ಜಾರ್ಕೋ ಅಂದ ನಾನು ತಪ್ಪು.

ಬೈದದ್ದು ಆಯ್ತು. ಇನ್ನು ಮಾಡೋ ಕೆಲಸ. ಸಲೂನಲ್ಲಿ ಕುರ್ಚಿನೋ ರೂಮೋ ಬಾಡಿಗೆಗೆ ತಗೊಳ್ಳೋ ನಮ್ಮ ಅಕ್ಕತಂಗಿಯರು ಇದನ್ನ ಸೇವ್ ಮಾಡ್ಕೊಳ್ಳಿ:

1. ಅಡ್ವಾನ್ಸ್ ಮತ್ತು ಬಾಡಿಗೆ ನಗದು ಕೊಡಬೇಡಿ. ಫೋನ್‌ನಿಂದಲೇ ಕಳಿಸಿ, ಟಿಪ್ಪಣಿ ಜಾಗದಲ್ಲಿ 'ರೂಮ್ ಬಾಡಿಗೆ, ಜೂನ್' ಅಂತ ಬರೀರಿ. ನಗದು ಕೊಡಲೇಬೇಕಾದ್ರೆ ವಾಟ್ಸಾಪಲ್ಲಿ "ಮೇಡಂ, ಇವತ್ತು ಕೊಟ್ಟ 50,000 ಅಡ್ವಾನ್ಸ್ ತಲುಪಿತಲ್ಲಾ?" ಅಂತ ಕೇಳಿ. ಅವರು 'ಹೂಂ' ಅಂದ್ರೂ ಅದು ಕಾಗದಾನೇ.

2. ಇ-ಸ್ಟ್ಯಾಂಪ್ ಪೇಪರಲ್ಲಿ ಎರಡು ಪುಟದ ಕರಾರು ಮಾಡಿಸಿ. ಎಷ್ಟು ಬಾಡಿಗೆ, ಎಷ್ಟು ತಿಂಗಳು, ಕರೆಂಟು ನೀರು ಯಾರದ್ದು, ರೇಟ್ ಯಾರು ಹಾಕೋದು, ಬೋರ್ಡು ಎಲ್ಲಿ, ಕೀ ಯಾರ ಹತ್ರ, ಬಿಡಿಸೋಕೆ ಎಷ್ಟು ದಿನದ ನೋಟಿಸ್, ಅಡ್ವಾನ್ಸ್ ಯಾವತ್ತು ವಾಪಸ್. ಈ ಎಂಟು ವಿಷಯ ಇರಲಿ. ಸಾಮಾನ್ಯವಾಗಿ 11 ತಿಂಗಳಿಗೆ ಮಾಡ್ತಾರೆ, ಒಂದು ವರ್ಷ ಮೀರಿದ ಬಾಡಿಗೆ ಪತ್ರ ಆದ್ರೆ ನೋಂದಣಿ ಬೇಕು.

3. ನಿಮ್ಮ ಸಾಮಾನಿನ ಪಟ್ಟಿ ಮತ್ತು ಬಿಲ್ಲು ಇಟ್ಕೊಳ್ಳಿ. ಹೋದ ದಿನ ಗೋಡೆಯ ಫೋಟೋ ತೆಗೀರಿ, 'ಪೇಂಟಿಂಗ್' ನೆಪಕ್ಕೆ ಅದೇ ಉತ್ತರ.

4. ಉದ್ಯಮ್ ನೋಂದಣಿ ಮಾಡಿಸಿ. ಸರ್ಕಾರಿ ಪೋರ್ಟಲ್‌ನಲ್ಲಿ ಉಚಿತ. ದುಡ್ಡು ಕೇಳಿದ್ರೆ ಅವನು ದಲ್ಲಾಳಿ.

5. ಕಸ್ಟಮರ್ ನಂಬರ್‌ಗಳು ನಿಮ್ಮ ಡೈರಿಯಲ್ಲೂ ಇರಲಿ. ರೂಮ್ ಕಿತ್ಕೋಬಹುದು, ಕೈಗುಣ ಕಿತ್ಕೊಳ್ಳೋಕೆ ಆಗಲ್ಲ.

6. ಜಾತಿ ಕಾರಣಕ್ಕೆ ತೊಂದರೆ ಆದ್ರೆ ದಿನಾಂಕ, ಸಮಯ, ಅಲ್ಲಿದ್ದೋರು ಯಾರು ಅಂತ ಅವತ್ತೇ ಬರೆದಿಡಿ. ರಾಷ್ಟ್ರೀಯ ಸಹಾಯವಾಣಿ 14566. ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯ ಇರೋದೂ ನಮಗಾಗೇ. ಒಬ್ಬಳೇ ಹೋಗಬೇಡಿ, ನಮ್ಮನ್ನ ಕರೀರಿ.

ಸಂಘಟನೆಯ ಗೆಳೆಯರಿಗೆ ನನ್ನ ಬೇಡಿಕೆ ಒಂದೇ. ಪ್ರತಿ ಬಡಾವಣೆಯ ಶಾಖೆಯಲ್ಲಿ ತಿಂಗಳಿಗೆ ಒಂದು ಭಾನುವಾರ 'ಕಾಗದದ ದಿನ' ಮಾಡೋಣ. ಪಾರ್ಲರ್ ಹುಡುಗೀರು, ಟೈಲರಿಂಗ್ ಮಾಡೋರು, ತಳ್ಳುಗಾಡಿಯವರು ಬರಲಿ. ಕರಾರು ಬರೆದುಕೊಡೋಕೆ ನಾನು ಕೂರ್ತೀನಿ. ಒಬ್ಬ ವಕೀಲರು ಬರ್ತೀನಿ ಅಂದಿದ್ದಾರೆ. ಫ್ಲೆಕ್ಸ್ ಬೇಡ, ಮೈಕ್ ಬೇಡ, ಹಾರ ಬೇಡ. ಒಂದು ಟೇಬಲ್, ಎರಡು ಕುರ್ಚಿ, ಒಂದು ಪ್ರಿಂಟರ್ ಸಾಕು.

ನಮ್ಮ ಹುಡುಗಿ ಈಗ ಮನೆಯ ಮುಂದಿನ ಕೋಣೆಯಲ್ಲೇ ಕೆಲಸ ಮಾಡ್ತಾ ಇದಾಳೆ. ಟಿ.ವಿ. ಸ್ಟ್ಯಾಂಡ್ ಅಡಿಗೆಮನೆಗೆ ಹೋಯ್ತು. ಹಳೇ ಕಸ್ಟಮರುಗಳಲ್ಲಿ ಹನ್ನೊಂದು ಜನ ನಮ್ಮ ಗಲ್ಲಿ ಹುಡುಕ್ಕೊಂಡು ಬಂದಿದ್ದಾರೆ. ಮೇಡಂ ಹೇಳಿದ ಆ 'ಹಳೇ ಕಾಲದೋರು' ಒಬ್ಬರು, ಅರವತ್ತು ದಾಟಿದೋರು, ಮೊನ್ನೆ ಬಂದು ಕೂತು ಹುಬ್ಬು ಮಾಡಿಸ್ಕೊಂಡು, ನಮ್ಮನೆ ಸ್ಟೀಲ್ ಲೋಟದಲ್ಲೇ ಕಾಫಿ ಕುಡಿದು ಹೋದ್ರು. ಇನ್ನು ಉಳಿದೋರು ಬಂದಿಲ್ಲ. ಗೊತ್ತಾಗಿ ಬರಲಿಲ್ವೋ, ವಿಳಾಸ ಗೊತ್ತಾಗದೆ ಬರಲಿಲ್ವೋ, ಅವಳು ಕೇಳೋಕೆ ಹೋಗಿಲ್ಲ.

ಅಡ್ವಾನ್ಸ್ ವಾಪಸಿಗೆ ನಾವು ಬರೆದ ನೋಟಿಸ್ ಸೋಮವಾರ ಸ್ಪೀಡ್ ಪೋಸ್ಟಲ್ಲಿ ಹೋಗಿದೆ. 50,000, ಪೂರ್ತಿ. ಪೇಂಟಿಂಗಿಗೆ ಅಂತ ಒಂದು ರೂಪಾಯಿನೂ ಬಿಡಲ್ಲ. ಉತ್ತರಕ್ಕೆ 15 ದಿನ ಕೊಟ್ಟಿದೀವಿ. ಬರಲಿಲ್ಲ ಅಂದ್ರೆ ಮುಂದಿನ ಪೋಸ್ಟ್ ಠಾಣೆಯ ಮೆಟ್ಟಿಲಿಂದ ಬರೀತೀನಿ, ಆವತ್ತು ಲೈಕ್ ಬೇಡ, ಜೊತೆಗೆ ಬನ್ನಿ.

ಆ ಬೋರ್ಡು ಈಗ ನಮ್ಮ ಮನೆ ಬಾಗಿಲ ಪಕ್ಕ ಇದೆ. ಮೊಳೆ ಹೊಡೆದದ್ದು ನಾನೇ. ಅವಳ ಹೆಸರು ಗಲ್ಲಿಯ ಕೊನೆವರೆಗೂ ಕಾಣತ್ತೆ.

ಜೈಭೀಮ್.